ಅಣ್ಣತಮ್ಮಂದಿರ ಒಂದೇ ಹೆಲ್ಮೆಟ್ಟು

"ಕೇಳ್ರಪ್ಪೋ ಕೇಳಿ! ರಾಜರಸ್ತೆಯಲ್ಲಿ ಬೈಕಿನಿಂದ ಬಿದ್ದು ಕೈಕಾಲು ಮುರಿದುಕೊಂಡವರು ಪರಿಹಾರ ಬೇಕೆಂದರೆ ಅರಮನೆಗೆ ಬನ್ನಿ! ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ ಹೊನ್ನಗಿರಿಯ ಜನ ಬಾಯಿ ಮೇಲೆ ಕೈಯಿಟ್ಟುಕೊಂಡರು. ಇದೆಂಥ ನ್ಯಾಯ ಅಂತೀರಾ? ರಾಜ ಚಂಡಕೇತುವಿನ ನ್ಯಾಯ! ಅವನ ಕಾರು ಊರ ತುಂಬ ಎಗ್ಗಿಲ್ಲದೆ ನುಗ್ಗುತ್ತಿತ್ತು, ಬಿದ್ದವರ ದೂರು ಕೇಳುವ ಸಹನೆ ಮಾತ್ರ ಅವನಿಗಿರಲಿಲ್ಲ. ತಲೆ ಹೋಗುವ ಭಯ ಹುಟ್ಟಿಸಿದರೆ ಒಬ್ಬನೂ ಬರುವುದಿಲ್ಲವೆಂದು ಲೆಕ್ಕ ಹಾಕಿ, ಒಗಟು ಹೆಣೆಯುವ ಕೆಲಸವನ್ನು ರಾಣಿ ಸುನಂದಿನಿಗೆ ಒಪ್ಪಿಸಿದ್ದ.

ಡಂಗುರ ಕೇಳಿದ್ದೇ ಹೂ ಮಾರುವ ಕೆಂಪರಾಜುವಿನ ಹೊಟ್ಟೆಯೊಳಗೆ ಉರಿ ಹತ್ತಿಕೊಂಡಿತು. ಪರಿಹಾರ ಬರುವುದಾದರೆ ಅದು ತಮ್ಮ ಮರಿಸ್ವಾಮಿಗೇ ತಾನೇ? ಕೆರೆ ಏರಿಯ ತಿರುವಿನಲ್ಲಿ ಅಣ್ಣತಮ್ಮ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಿದ್ದಾಗ ರಾಜನ ಕಾರು ಎದುರಿಗೆ ನುಗ್ಗಿ ಬಂದಿತ್ತು. ಓಡಿಸುತ್ತಿದ್ದ ಮರಿಸ್ವಾಮಿಯ ಕಾಲು ಚಕ್ರದ ಕೆಳಗೆ ಸಿಕ್ಕಿತು. ಹಿಂದೆ ಕೂತಿದ್ದ ಕೆಂಪರಾಜು ಕಲ್ಲಿಗೆ ತಲೆ ಬಡಿಸಿಕೊಂಡರೂ ಹೆಲ್ಮೆಟ್ಟಿನ ದಯದಿಂದ ಮೊಣಕೈ ತರಚಿದ್ದಷ್ಟೇ.

ಅವತ್ತಿನಿಂದ ಮನೆಯಲ್ಲಿ ಎಲ್ಲವೂ ಮರಿಸ್ವಾಮಿಗೆ. ಮೂಳೆ ಕೂಡಲೆಂದು ಅವ್ವ ಕಾಯಿಸುವ ಕಾಲುಸೂಪು ಅವನಿಗೆ, ನೆಂಟರು ತಂದ ಹಣ್ಣು ಅವನಿಗೆ, ಬೀದಿಯವರ ಕಣ್ಣೀರೂ ಅವನಿಗೇ. "ನಾನೂ ಅದೇ ಬೈಕಿಂದ ಬಿದ್ದೋನಲ್ವಾ? ನಿನ್ನ ಮೊಣಕೈ ಹೆಂಗದಪ್ಪ ಅಂತ ಒಬ್ಬರಾದ್ರೂ ಕೇಳಿದ್ರಾ?" ಎಂದು ಕೆಂಪರಾಜು ಒಳಗೊಳಗೇ ಕುದಿಯುತ್ತಿದ್ದ. ಇನ್ನೊಂದು ಆಪರೇಶನ್ ಆಗದಿದ್ದರೆ ಆ ಕಾಲನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆಯುರಿ ಆರಲಿಲ್ಲ, ಏನು ಮಾಡೋಣ ಹೇಳಿ!

ತಮ್ಮ ಕೋಲೂರಿಕೊಂಡು ಅರಮನೆಗೆ ಹೊರಟ ದಿನ, ಕೆಂಪರಾಜು ತನ್ನ ಗಟ್ಟಿಮುಟ್ಟು ಕಾಲಿಗೆ ಬಟ್ಟೆ ಸುತ್ತಿ, ಕೋಲೊಂದು ಹಿಡಿದು ಕುಂಟುತ್ತಾ ಅವನಿಗಿಂತ ಮೊದಲೇ ಸಭೆಗೆ ಹೋಗಿ ಸೇರಿದ.

ಅಲ್ಲಿ ಒಬ್ಬ ರೇಷ್ಮೆ ವ್ಯಾಪಾರಿ ನಿಂತಿದ್ದ. ರಾಣಿ ಕೇಳಿದಳು, "ಬಿದ್ದವನು ಒಂದು ಹೇಳುತ್ತಾನೆ, ಬೀಳಿಸಿದವನು ಇನ್ನೊಂದು ಹೇಳುತ್ತಾನೆ. ಬಾಯಿಲ್ಲದ್ದೊಂದು ಮಾತ್ರ ನಡೆದದ್ದನ್ನು ನಡೆದ ಹಾಗೆ ಹೇಳುತ್ತದೆ. ಏನದು?"

"ದೇವರ ವಿಗ್ರಹ, ತಾಯಿ!"

"ತಪ್ಪು." ಸಂಜೆ ತಲೆ ಕಡಿಯಲೆಂದು, ಕತ್ತಿ ಹಿಡಿದವನೊಬ್ಬ ಅವನನ್ನು ಸೆರೆಗೆ ಎಳೆದೊಯ್ದ.

ಮುಂದೆ ಬಂದ ಜಮೀನುದಾರನಿಗೆ ರಾಣಿ ಬೇರೆ ಒಗಟು ಹಾಕಿದಳು. "ತಲೆಯ ಮೇಲಿದ್ದರೆ ಹೊತ್ತವನನ್ನು ಕಾಯುತ್ತದೆ. ಮನೆಯಲ್ಲಿ ಬಿಟ್ಟು ಬಂದರೆ ಗುದ್ದಿದವನನ್ನು ಕಾಯುತ್ತದೆ. ಏನದು?"

"ಕಿರೀಟ!" ಎಂದ ಅವನು ಮೀಸೆ ತಿರುವುತ್ತಾ. ಅವನೂ ಸೆರೆಮನೆಗೆ ನಡೆದ.

ಕೆಂಪರಾಜುವಿಗೆ ಒಳಗೇ ಹಿಗ್ಗು. ಅವನಿಗೆ ಎರಡೂ ಗೊತ್ತು! ಅಷ್ಟರಲ್ಲಿ ಬಂದು ಸೇರಿದ್ದ ತಮ್ಮನನ್ನು ಪಕ್ಕಕ್ಕೆ ತಳ್ಳಿ ಮುಂದೆ ನಿಂತ.

"ಅಣ್ಣಾ, ನೀನ್ಯಾಕೆ ಕುಂಟ್ತಿದ್ದೀಯಾ?" ಎಂದ ಮರಿಸ್ವಾಮಿ ಗಾಬರಿಯಿಂದ.

"ಸುಮ್ಕಿರ್ಲಾ!" ಎಂದು ಗದರಿ ಕೆಂಪರಾಜು ರಾಣಿಗೆ ಕೈಮುಗಿದ. "ಬಾಯಿಲ್ಲದ ಸಾಕ್ಷಿ ಅಂದ್ರೆ ರಸ್ತೆ ಮೇಲಿನ ಟೈರಿನ ಗುರುತು, ತಾಯಿ. ಯಾವ ಗಾಡಿ ಯಾರ ಕಡೆಗೆ ನುಗ್ತು ಅಂತ ಅದೇ ಹೇಳ್ತದೆ. ಎರಡನೇದು ಹೆಲ್ಮೆಟ್ಟು. ಹಾಕ್ಕೊಂಡಿಲ್ಲ ಅಂದ್ರೆ ಗುದ್ದಿದೋನು, ತಪ್ಪೆಲ್ಲಾ ಬಿದ್ದೋನದೇ ಅಂತ ಜಾರ್ಕೋತಾನೆ."

"ಎರಡೂ ಸರಿ," ಎಂದಳು ರಾಣಿ. ರಾಜನ ಮುಖ ಕಪ್ಪಿಟ್ಟಿತು. "ಕೊನೆಯದು ಕೇಳು. ಕೊಟ್ಟವನು ಕೊಟ್ಟೆನೆಂದು ಬೀಗುತ್ತಾನೆ. ನೋಡಿದವನು ಹೊಟ್ಟೆ ಉರಿದುಕೊಳ್ಳುತ್ತಾನೆ. ಪಡೆದವನೊಬ್ಬನೇ, ಇದು ಬೇಡ, ನನ್ನ ಹಳೆಯದು ಕೊಡಿ ಎನ್ನುತ್ತಾನೆ. ಏನದು?"

ಕೆಂಪರಾಜು ತಮ್ಮನ ಕಡೆ ನೋಡಿದ. ಕಾಲುಸೂಪು, ಹಣ್ಣು, ಅವ್ವನ ಮುದ್ದು ಎಲ್ಲ ಕಣ್ಣ ಮುಂದೆ ಬಂತು. ಇಷ್ಟೆಲ್ಲ ಸಿಕ್ಕಮೇಲೆ ಬೇಡ ಅನ್ನುವ ಪೆದ್ದ ಯಾರಿದ್ದಾನು?

"ಅದೃಷ್ಟ!" ಎಂದುಬಿಟ್ಟ.

"ತಪ್ಪು."

ಕತ್ತಿ ಹಿಡಿದವನು ಒಂದು ಹೆಜ್ಜೆ ಮುಂದಿಟ್ಟನೋ ಇಲ್ಲವೋ, ಕೆಂಪರಾಜು ಕೋಲು ಬಿಸಾಕಿ ಎರಡೂ ಕಾಲಲ್ಲಿ ಓಟ ಕಿತ್ತ! ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡು ಬಾಲದ ಹಾಗೆ ಹಿಂದೆ ಜೋಲಾಡಿತು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಕಾವಲಿನವರು ಬಾಗಿಲಲ್ಲೇ ಹಿಡಿದು ಕೆಡವಿದರು. ನಾಚಿಕೆಗೆ ಅವನು ಮುಖ ಎತ್ತಲಿಲ್ಲ.

"ಉತ್ತರ ನನಗೆ ಗೊತ್ತು, ತಾಯಿ," ಎಂದ ಮರಿಸ್ವಾಮಿ. "ಪರಿಹಾರ. ನೋಡೋರ್ಗೆ ಅದು ಭಾಗ್ಯ. ನಂಗೆ ನನ್ನ ಕಾಲು ಮೊದ್ಲಿನಂಗೆ ಆದ್ರೆ ಬ್ಯಾರೆ ಏನೂ ಬ್ಯಾಡ."

"ನೀನು ಹೆಲ್ಮೆಟ್ ಹಾಕಿರಲಿಲ್ಲವಲ್ಲೋ!" ಎಂದು ರಾಜ ಗುಡುಗಿದ.

"ಹೌದು ಮಹಾಪ್ರಭು, ಆ ತಪ್ಪು ನಂದೇ. ಆದ್ರೆ ಹೋಗಿದ್ದು ಕಾಲು, ತಲೆ ಅಲ್ಲ. ನಮ್ಮ ಕಡೆಗೆ ನುಗ್ಗಿದ್ದು ನಿಮ್ಮ ಕಾರು. ಟೈರಿನ ಗುರುತು ಇನ್ನೂ ಏರಿ ಮೇಲೆ ಅದೆ."

"ಗುರುತು ನೋಡುವುದೇ ಬೇಡ. ಆ ಕಾರಿನಲ್ಲಿ ನಾನೂ ಇದ್ದೆ," ಎಂದಳು ರಾಣಿ. ರಾಜ ತಲೆ ತಗ್ಗಿಸಿದ. "ಕೇಳಪ್ಪ, ಏನು ಬೇಕು?"

"ಕಾಲು ಉಳಿಯೋ ತನಕ ಔಷಧಿ, ನಾನು ಮತ್ತೆ ಹೂ ಹೊರೋ ತನಕ ಮನೆಗೆ ಊಟ. ಇದು ದಾನ ಅಲ್ಲ, ನನ್ನ ಹಕ್ಕು. ಬಿದ್ದೋರ್ಗೆ ಇನ್ಮೇಲೆ ಒಗಟು ಕೇಳ್ಬ್ಯಾಡಿ. ಸೆರೇಲಿರೋರನ್ನ ಬಿಟ್ಬಿಡಿ. ನಮ್ಮಣ್ಣನ್ನೂ."

"ನಿನ್ನ ಪಾಲು ಕದಿಯಲು ಬಂದವನನ್ನೇ?"

"ಅವತ್ತು ನಮ್ಹತ್ರ ಇದ್ದಿದ್ದು ಒಂದೇ ಹೆಲ್ಮೆಟ್ಟು, ತಾಯಿ. ಅದನ್ನ ಅವನ ತಲೆಗೆ ಹಾಕಿ ಉಳಿಸ್ಕೊಂಡಿವ್ನಿ. ಈಗ ಅದೇ ತಲೇನ ನಿಮ್ಮ ಕತ್ತಿಗೆ ಕೊಡಕ್ಕಾಯ್ತದಾ?"

ಕೆಂಪರಾಜು ನೆಲದ ಮೇಲೆ ಬಿದ್ದಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಬೈಕು ಹತ್ತುವಾಗ ತಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿದು, "ಬಿಗಿ ಆಯ್ತಾ ಅಣ್ಣಾ?" ಅಂದದ್ದು ಅವನಿಗೆ ಆಗ ನೆನಪಾಯಿತು.

ಮರಿಸ್ವಾಮಿ ಕೇಳಿದ್ದನ್ನೆಲ್ಲ ರಾಣಿ ಕೊಟ್ಟಳು. ಬಿದ್ದವರ ದೂರು ಕೇಳುವ ಪೀಠವನ್ನೂ ಮರಿಸ್ವಾಮಿಗೇ ಒಪ್ಪಿಸಿದಳು. ಆಪರೇಶನ್ ಆಗಿ ಕಾಲು ಉಳಿಯಿತು, ಸ್ವಲ್ಪ ಕುಂಟು ಮಾತ್ರ ಹೋಗಲಿಲ್ಲ.

ಪೀಠಕ್ಕೆ ಹೊರಟ ಮೊದಲ ದಿನ ಬೀದಿಯವರೆಲ್ಲ ತಮ್ಮನಿಗೆ ಕೈಮುಗಿದರು. ಕೆಂಪರಾಜುವಿನ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಸುಳಿಯಿತು, ಸುಳ್ಳು ಯಾಕೆ ಹೇಳಲಿ! ಆದರೆ ಅವನು ಬೈಕು ತೆಗೆದು, ತಮ್ಮನನ್ನು ಹಿಂದೆ ಕೂರಿಸಿಕೊಂಡು, ಹೆಲ್ಮೆಟ್ಟನ್ನು ಮೊದಲು ಅವನ ತಲೆಗೇ ಹಾಕಿದ.

"ಬಿಗಿ ಆಯ್ತೇನ್ಲಾ?" ಎಂದು ಕೇಳಿದ. ಆಮೇಲೆ ಹೊಸದಾಗಿ ಕೊಂಡು ತಂದಿದ್ದ ಇನ್ನೊಂದನ್ನು ತಾನು ಹಾಕಿಕೊಂಡ.