ಹಾಲುಬಾಯಿಯ ಮೇಲಿನ ಗೋಪುರ

ಹೆಬ್ಬಂಡೆಯ ದೊರೆ ಕೆಂಚನಾಯಕ ಊರ ಕೆರೆಯನ್ನು ಮಣ್ಣು ತುಂಬಿಸಿ ಮುಚ್ಚಿದ. ಅದರ ಮೇಲೆ ಅರಮನೆ ಕಟ್ಟಿಸಿದ.

"ಭೂಮಿ ನಡುಗಿದರೂ ನನ್ನ ಅರಮನೆ ನಡುಗದು" ಎಂದು ಮೀಸೆ ತಿರುವಿದ.

ಭೂಮಿ ನಡುಗಿತು. ಅರಮನೆ ಕುಸಿಯಿತು. ಪುಣ್ಯಕ್ಕೆ ಗೃಹಪ್ರವೇಶ ಆಗಿರಲಿಲ್ಲ.

ಅದನ್ನು ಕಟ್ಟಿದ ಶಿಲ್ಪಿ ಮಾಬೋಜನನ್ನು ಕೈ ಬಿಗಿದು ಸಭೆಗೆ ಎಳೆದು ತಂದರು.

"ಗಾರೆಯಲ್ಲಿ ಮೋಸ ಮಾಡಿದ್ದಾನೆ. ಬಲಗೈ ಕಡಿಯಿರಿ!" ದೊರೆ ಗುಡುಗಿದ.

"ಬುದ್ಧೀ, ಬಂಡೆ ಮೇಲಿನ ಕಾವಲು ಗೋಪುರವನ್ನೂ ನಾನೇ ಕಟ್ಟಿದ್ದು. ಅದೇ ಕಲ್ಲು, ಅದೇ ಗಾರೆ. ಅದು ನಿಂತಿದೆಯಲ್ಲ!"

ಆಸ್ಥಾನದ ವಿದೂಷಕ ಸೋವಣ್ಣ ಎದ್ದ. "ನಿಜ ಪ್ರಭು. ಬಂಡೆ ನಡುಗುವುದು ಕೊಂಚ. ಕೆರೆಯ ಹೂಳು ಕುಣಿದಾಡುತ್ತದೆ."

"ಭೂಕಂಪ ಒಂದು, ಕುಣಿತ ಎರಡೋ? ಇನ್ನೊಂದು ಭೂಕಂಪ ತಂದು ತೋರಿಸು. ನಾಳೆ ಊಟದ ಹೊತ್ತಿಗೆ. ತಪ್ಪಿದರೆ ಇವನ ಕೈ ಹೋಯಿತು."

"ಆಗಲಿ. ಊಟಕ್ಕೆ ಹಾಲುಬಾಯಿ ಇರಲಿ."

"ಇವನಿಗೆ ಹೊಟ್ಟೆಯದೇ ಚಿಂತೆ" ಎಂದು ಸಭೆ ನಕ್ಕಿತು. ಮಾಬೋಜ ನಗಲಿಲ್ಲ.

ಮರುದಿನ ಸೋವಣ್ಣ ಒಂದೇ ಹಲಗೆಯ ಮೇಲೆ ಎರಡು ವಸ್ತು ಇಟ್ಟ. ಒಂದು ಕಡೆ ಚಪ್ಪಟೆ ಕಲ್ಲು. ಇನ್ನೊಂದು ಕಡೆ ಬಟ್ಟಲ ತುಂಬ ಮೆತ್ತನೆಯ ಸಿಹಿ ಹಾಲುಬಾಯಿ. ಎರಡರ ಮೇಲೂ ಲಾಡುಗಳನ್ನು ಒಂದರ ಮೇಲೊಂದು ಪೇರಿಸಿದ.

"ಎಲ್ಲಯ್ಯಾ ಭೂಕಂಪ?"

"ತಮ್ಮ ಅಂಗೈಯಲ್ಲಿದೆ ಪ್ರಭು. ಹಲಗೆಗೆ ಒಂದು ಏಟು ಹಾಕಿ."

ದೊರೆ ಹಾಕಿದ. ಕಲ್ಲಿನ ಮೇಲಿನ ಲಾಡು ಅಲುಗಿ ಸುಮ್ಮನಾದವು. ಹಾಲುಬಾಯಿ ಥಳಥಳ ಕುಲುಕಿತು. ಅದರ ಮೇಲಿನ ಲಾಡು ಉರುಳಿ ದೊರೆಯ ಮಡಿಲಿಗೇ ಬಿದ್ದವು.

ಸೋವಣ್ಣ ಅಬ್ಬರಿಸಿದ. "ಯಾರಲ್ಲಿ! ಲಾಡು ಕಟ್ಟಿದ ಅಡುಗೆಯವನ ಕೈ ಕಡಿಯಿರಿ!"

"ಥೂ, ನಿನಗೇನು ತಲೆ ಕೆಟ್ಟಿದೆಯೇ?" ದೊರೆ ರೇಗಿದ. "ಎರಡೂ ಕಡೆ ಅವನೇ ಕಟ್ಟಿದ ಲಾಡು. ಕಲ್ಲಿನ ಮೇಲಿನದು ನಿಂತಿಲ್ಲವೇ? ಅವನದೇನು ತಪ್ಪು? ಹಾಲುಬಾಯಿ ಮೇಲೆ ಗೋಪುರ ಕಟ್ಟು ಎಂದ ಮೂರ್ಖ ಯಾರು? ಅವನ ಹೆಸರು ಹೇಳು!"

ಸೋವಣ್ಣ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡ.

"ಹೇಳಿದರೆ ನನ್ನ ಕೈಯೂ ಹೋಗುತ್ತದೆ, ಪ್ರಭು."

ದೊರೆ ಕೆರೆಯ ದಿಕ್ಕಿಗೆ ನೋಡಿದ. ಮಡಿಲಿನ ಲಾಡು ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

ಮಾಬೋಜನ ಕಟ್ಟು ಬಿಚ್ಚಿದರು. ಅರಮನೆ ಬಂಡೆಯ ಮೇಲೆ ಎದ್ದಿತು. ಮಣ್ಣು ತೆಗೆಸಿದ ಕೆರೆಯಲ್ಲಿ ಮತ್ತೆ ನೀರು ನಿಂತಿತು.

ಹಾಲುಬಾಯಿ ಪೂರ್ತಿ ಸೋವಣ್ಣನ ಪಾಲು.