ನೆರಳಿನಲ್ಲಿ ನಿಂತ ಗಾಡಿ

ಹೊಳೆಯ ದಡದ ಆಶ್ರಮದಲ್ಲಿ ಹೊಸ ಬಾವಿ ತೋಡಬೇಕಾಗಿತ್ತು. ಆದರೆ ಅಂಗಳದ ಮಣ್ಣಿನೊಳಗೆ ಎಲ್ಲಿಯೋ ಪರಮಗುರುಗಳ ಸಮಾಧಿಯಿತ್ತು. ಮೂರು ಮೊಳದ ಚಪ್ಪಡಿ ಮುಚ್ಚಿದ ಸಮಾಧಿ. ಹಳೆಯ ನೆರೆಯೊಂದು ಅದರ ಮೇಲೆ ಮೆಕ್ಕಲು ಹೊದಿಸಿ ಹೋಗಿತ್ತು. ಜಾಗ ಬಲ್ಲವರು ಯಾರೂ ಉಳಿದಿರಲಿಲ್ಲ.

ಅದಕ್ಕೆ ಗುದ್ದಲಿ ತಗುಲಬಾರದು. ಆಶ್ರಮದ ಈಗಿನ ಗುರುಗಳು ವಿಧಿಸಿದ ನಿಯಮ ಅದೊಂದೇ.

ಶಿಷ್ಯ ತ್ರಿಯಂಬಕ ನೆಲದೊಳಗನ್ನು ನೋಡುವ ರಾಡಾರ್ ವಿದ್ಯೆ ಕಲಿತು ಬಂದವನು. ಹೊಣೆ ತನ್ನದೆಂದ. ತಪ್ಪಿದರೆ ಆಶ್ರಮ ಬಿಡುವೆನೆಂದೂ ಹೇಳಿದ. ಗುರುಗಳು ಬೇಡವೆನ್ನಲಿಲ್ಲ.

ಮೂರು ದಿನ ಅವನು ರಾಡಾರ್ ಗಾಡಿಯನ್ನು ಅಂಗಳದ ಉದ್ದಗಲಕ್ಕೂ ತಳ್ಳಿದ. ಹೂತ ವಸ್ತುವಿನ ಮೇಲೆ ಹಾದರೆ ಪರದೆಯಲ್ಲಿ ಕಮಾನಿನಂಥ ಗೆರೆ ಮೂಡುವುದು. ಕಮಾನು ಕಂಡೊಡನೆ ಯಂತ್ರ ತಾನೇ ಚೌಕ ಬರೆದು ‘ಇದೆ’ ಎನ್ನುವುದು. ಅದಕ್ಕೆ ಹಾಗೆ ಕಲಿಸಿದ್ದವನು ಅವನೇ.

ಹನ್ನೊಂದು ಕಡೆ ಚೌಕ ಬಿತ್ತು. ಹೊಂಗೆಮರದ ನೆರಳಿನಲ್ಲಿ ಮಾತ್ರ ಗೆರೆಗಳು ನೇರವಾಗಿದ್ದವು. ಅವನು ಬಾವಿಗೆಂದು ಅಲ್ಲಿ ಸುಣ್ಣದ ವೃತ್ತ ಎಳೆದ.

ಬಾವಿ ತೋಡುವ ಮಾರೆಪ್ಪ ಬೆಳಿಗ್ಗೆಯೇ ಬಂದು ಕುಳಿತಿದ್ದ.

“ಸ್ವಾಮೇರು ಹೂಂ ಅಂದ್ರೆ ತೋಡ್ತೀವಿ, ಊಹೂಂ ಅಂದ್ರೆ ಉಂಡು ಹೋಗ್ತೀವಿ.”

ಗುರುಗಳು ವೃತ್ತವನ್ನು ನೋಡಿದರು.

“ಇಲ್ಲಿ ಏನೂ ಇಲ್ಲವೆಂದವರು ಯಾರು?”

“ಯಂತ್ರ, ಗುರುಗಳೇ.”

ಗುರುಗಳು ತಮ್ಮ ತಾಮ್ರದ ತಂಬಿಗೆಯನ್ನು ಹೊಳೆಯ ಮರಳಿನಲ್ಲಿ ಮೊಳದಾಳಕ್ಕೆ ಹೂಳಿಸಿದರು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಆಮೇಲೆ ಯಂತ್ರ ಚಾಲೂ ಮಾಡಲು ಹೇಳಿದರು.

ಗೆರೆಗಳು ನೇರವಾಗಿ ಹರಿದವು. ಯಂತ್ರ ‘ಇಲ್ಲ’ ಎಂದಿತು.

ತ್ರಿಯಂಬಕ ಪರದೆ ಒರೆಸಿದ. ತಂತಿಗಳನ್ನು ಬಿಗಿ ಮಾಡಿದ. ಮತ್ತೆಯೂ ‘ಇಲ್ಲ.’ ಅವನಿಗೆ ದಿಕ್ಕು ತೋಚಲಿಲ್ಲ. ಯಂತ್ರ ಕೆಟ್ಟಿದೆಯೆಂದರೆ ಹನ್ನೊಂದು ಚೌಕಗಳೂ ಸುಳ್ಳು. ಕೆಟ್ಟಿಲ್ಲವೆಂದರೆ, ಕಣ್ಣೆದುರಿಗೇ ಹೂತ ತಂಬಿಗೆ ಸುಳ್ಳು.

“ಹಿಂದಕ್ಕೆಳೆದು ತಳ್ಳು,” ಎಂದರು ಗುರುಗಳು.

ತಳ್ಳಿದ. ಕಮಾನು ಮೂಡಿತು. ಚೌಕ ಬಿತ್ತು.

“ತಂಬಿಗೆ ಕದಲಿತೇ?”

“ಇಲ್ಲ.”

“ಗೆರೆ ಏಕೆ ಬಾಗಿತು?”

ತ್ರಿಯಂಬಕ ಗಾಡಿಯ ಚಕ್ರಗಳನ್ನು ನೋಡಿದ. “ನಾನು ನಡೆದೆ. ಅದಕ್ಕೆ ಬಾಗಿತು.”

“ಹೊಂಗೆಯ ಕೆಳಗೆ?”

ತ್ರಿಯಂಬಕ ತಲೆ ತಗ್ಗಿಸಿದ. ಮೂರು ದಿನವೂ ಆ ನೆರಳಿಗೆ ಬಂದಾಗಲೆಲ್ಲ ಅವನು ಗಾಡಿ ನಿಲ್ಲಿಸಿದ್ದ, ನೀರು ಕುಡಿದಿದ್ದ, ಬೆವರು ಆರಿಸಿಕೊಂಡಿದ್ದ. ಯಂತ್ರವನ್ನು ಮಾತ್ರ ನಿಲ್ಲಿಸಿರಲಿಲ್ಲ. ನಿಂತಲ್ಲೇ ಅದು ನೇರ ಗೆರೆಗಳನ್ನು ಬರೆಯುತ್ತಲೇ ಇತ್ತು; ಏಳಬೇಕಿದ್ದ ಕಮಾನು ಅವುಗಳ ನಡುವೆ ಮುರಿದು ಕಾಣದೆ ಹೋಗಿತ್ತು.

“ಬಿಸಿಲಿತ್ತು,” ಎಂದಷ್ಟೇ ಹೇಳಿದ.

ಗುರುಗಳು ಗಾಡಿಯ ಹಿಡಿಯನ್ನು ಅವನ ಕೈಗಿತ್ತರು.

ಈ ಬಾರಿ ಅವನು ನೆರಳಿನಲ್ಲಿ ನಿಲ್ಲಲಿಲ್ಲ. ಸುಣ್ಣದ ವೃತ್ತವನ್ನು ದಾಟುವಾಗ ಪರದೆಯಲ್ಲಿ ಕಮಾನು ಎದ್ದಿತು. ಹನ್ನೊಂದರಲ್ಲಿ ಯಾವುದೂ ಅಷ್ಟು ಅಗಲವಿರಲಿಲ್ಲ. ಅಳೆದು ನೋಡಿದ. ಮೂರು ಮೊಳ.

ಮಾರೆಪ್ಪ ಗುದ್ದಲಿ ಕೆಳಗಿಟ್ಟು ಚಪ್ಪಲಿ ಬಿಟ್ಟ.

ತ್ರಿಯಂಬಕ ಮಂಡಿಯೂರಿ ಸುಣ್ಣವನ್ನು ಅಂಗೈಯಿಂದ ಅಳಿಸಿದ.

“ಗುರುಗಳೇ, ಸಮಾಧಿ ಇಲ್ಲಿದೆಯೆಂದು ತಮಗೆ ಮೊದಲೇ ತಿಳಿದಿತ್ತೇ?”

“ಅದು ತಿಳಿದಿರಲಿಲ್ಲ. ನೀನು ನಿಂತದ್ದು ತಿಳಿದಿತ್ತು.”