ಮುಂದೂಡಿದ ಮುಚ್ಚಳ

ಕೊಕ್ಕರೆಗಳೇ ಸದಸ್ಯರಾಗಿದ್ದ ಒಂದು ಪುರಸಭೆಯಿತ್ತು. ಅದರ ಮಾರುಕಟ್ಟೆ ಬೀದಿಯ ಚರಂಡಿಗೆ ಮುಚ್ಚಳವಿರಲಿಲ್ಲ. ಹೇಂಟೆಯ ಮರಿಯೊಂದು ಅದರೊಳಗೆ ಬಿದ್ದು ಸತ್ತಿತು. ಉಳಿದ ಮರಿಗಳೂ ದಿನಾ ಅದೇ ದಾರಿಯಲ್ಲಿ ಓಡಾಡಬೇಕಲ್ಲ ಎಂದು ಹೇಂಟೆ ಅರ್ಜಿ ಹಿಡಿದು ಓಡಿತು. ಕೊಕ್ಕರೆಗಳು ತುರ್ತು ಸಭೆ ಸೇರಿ, ಅರ್ಜಿ ಓದಿ, ಒಂಟಿಕಾಲಲ್ಲಿ ನಿಂತು ಮೌನ ಆಚರಿಸಿ, ಮೃತ ಮರಿಯ ಗೌರವಾರ್ಥ ಸಭೆಯನ್ನು ಮುಂದೂಡಿದವು. ಆ ಸಭೆ ಮತ್ತೆ ಸೇರಿದ್ದು ಎರಡನೆಯ ಮರಿ ಬಿದ್ದು ಸತ್ತ ಮೇಲೆಯೇ. ಮತ್ತೆ ಒಂಟಿಕಾಲು, ಮತ್ತೆ ಮೌನ, ಮತ್ತೆ ಮುಂದೂಡಿಕೆ.

ಮೂರನೆಯದೂ ಸತ್ತಾಗ ಹೇಂಟೆಗೆ ಮೈಯೆಲ್ಲಾ ಉರಿದುಹೋಯಿತು. ಕೊಕ್ಕರೆಗಳು ಕಾಲೆತ್ತುವ ಮೊದಲೇ ಅದು ಮೇಜಿನ ಮೇಲೆ ಹಾರಿ ಕೂಗಿತು: “ನಿಮ್ಮ ಮೌನಕ್ಕಿಷ್ಟು ಬೆಂಕಿ ಹಾಕ! ಮುಚ್ಚಳ ಯಾವಾಗ ಹಾಕುತ್ತೀರಿ, ಅದನ್ನು ಹೇಳಿ!”

“ಸಂತಾಪ ಸೂಚಿಸುವ ದಿನ ಬೇರೆ ವಿಷಯ ಎತ್ತುವ ಪದ್ಧತಿ ಇಲ್ಲಮ್ಮಾ,” ಎಂದಿತು ಅಧ್ಯಕ್ಷ ಕೊಕ್ಕರೆ.

“ಹಾಗಾದರೆ ಯಾರೂ ಸಾಯದ ದಿನ ಸಭೆ ಕರೆಯಿರಿ ಸ್ವಾಮೀ!”

ಅಧ್ಯಕ್ಷ ಕೊಕ್ಕರೆಗೆ ನಿಜಕ್ಕೂ ಆಶ್ಚರ್ಯವಾಯಿತು. “ಯಾರೂ ಸಾಯದಿದ್ದರೆ ಸಭೆ ಯಾಕಮ್ಮಾ?” ಎಂದು ಕೇಳಿ, ಒಂದು ಕಾಲು ಮಡಚಿ ಕಣ್ಣು ಮುಚ್ಚಿತು.